ರುಖಿಯನ್ನು ಯಾಕೆ ಕೊಂದಿರಿ

ಕಾಲು ಮುರಿದುಕೊಂಡು ಮಲಗಿದ್ದ ಕೋಕಿಲಾಬೆನ್‌ಗೆ ಹೊತ್ತು ಹೋಗಲೆಂದು ಸೊಸೆ ಫಾಲ್ಗುಣಿ ಗ್ರಂಥಾಲಯದಿಂದ ಒಂದು ದಪ್ಪ ಕಾದಂಬರಿ ತಂದುಕೊಟ್ಟಳು. ತಮ್ಮೂರು ಸೂರತ್ ಹೊತ್ತಿ ಉರಿದ ಹಳೆಯ ಕಾಲದ ಕಥೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಯಾರೂ ಓದಿದಂತಿರಲಿಲ್ಲ.

ನಿದ್ದೆಗಾದರೂ ಆದೀತೆಂದು ಕೋಕಿಲಾಬೆನ್ ತೆರೆದರು, ಊಟ ಮರೆತರು. ಅದರಲ್ಲಿ ನವಾಬರು ಹಾದಿಯಲ್ಲಿ ಸಾಗಿಹೋಗುವ ಪಲ್ಲಕ್ಕಿಯಷ್ಟೇ. ಉಳಿದದ್ದೆಲ್ಲ ತುಪ್ಪದ ವ್ಯಾಪಾರಿಗಳು, ಜರಿ ನೇಯುವವರು, ಮನೆಮನೆಗೆ ನೀರು ಹೊರುವ ವಿಧವೆ ರುಖಿ. ಬೆಂಕಿ ಬೀದಿಗೆ ಬಂದಾಗ ಒಬ್ಬ ಸೇಠ್ ಓಡುತ್ತ ಓಡುತ್ತ ಹಿಂತಿರುಗಿ ಬಂದು, ಉರಿಯುತ್ತಿರುವ ಮನೆಗೆ ಬೀಗ ಹಾಕುತ್ತಾನೆ. ಅದನ್ನೋದಿ ಅವರು ನೋಯುವ ಕಾಲನ್ನೂ ಮರೆತು ನಕ್ಕರು. ಪ್ರವಾಹ ಬಂದ ವರ್ಷ ಅವರ ಗಂಡನೂ ಸೊಂಟದವರೆಗಿನ ನೀರಲ್ಲಿ ನಿಂತು ಅಂಗಡಿಗೆ ಬೀಗ ಜಡಿದಿದ್ದರು. ನಮ್ಮೂರವರ ಹೊಟ್ಟೆಯೊಳಗೆ ಹೊಕ್ಕು ಬಂದಿದ್ದಾನೆ ಇದನ್ನು ಬರೆದ ಮನುಷ್ಯ ಎಂದು ಸೊಸೆಗೆ ಹೇಳಿದರು.

ಆದರೆ ಕೊನೆಗೆ ರುಖಿ ಕುರುಡಿ ಅತ್ತೆಯನ್ನು ತರಲು ಉರಿಯುವ ಮನೆಯೊಳಗೆ ಹೋದವಳು ಹೊರಗೆ ಬರಲೇ ಇಲ್ಲ. ಕೋಕಿಲಾಬೆನ್‌ಗೆ ಸಿಟ್ಟು ಬಂತು. ಆ ಸಿಟ್ಟು ಪ್ಲಾಸ್ಟರ್ ಬಿಚ್ಚುವವರೆಗೂ ಆರಲಿಲ್ಲ. ಬರೆದ ಠಾಕೋರ್‌ಭಾಯಿ ಅದೇ ಊರಿನ ಸಗ್ರಾಮ್‌ಪುರ ಬಡಾವಣೆಯಲ್ಲೇ ಇದ್ದಾರೆಂದು ತಿಳಿದು, ಸೊಸೆಯ ಸ್ಕೂಟರ್ ಹತ್ತಿ, ಘಾರಿ ಸಿಹಿಯ ಡಬ್ಬಿ ಹಿಡಿದು ಹೊರಟರು.

ಮುದುಕರು ಬಾಗಿಲಲ್ಲೇ ನಿಂತು, "ಮನೆ ತಪ್ಪಿ ಬಂದಿರ್ಬೇಕು, ಬೆನ್" ಎಂದರು.

"ತಪ್ಪಿಲ್ಲ. ರುಖಿಯನ್ನ ಯಾಕೆ ಕೊಂದ್ರಿ?"

ಅವರು ಕಿವಿಯ ಯಂತ್ರ ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಒಳಗೆ ಕರೆದು ಕೂರಿಸಿದರು.

"ಆ ಹೊಗೆಯಲ್ಲಿ ಅವಳಿಗೆ ದಾರಿ ಹ್ಯಾಗೆ ಸಿಕ್ಕೀತು?" ಎಂದರು ಠಾಕೋರ್‌ಭಾಯಿ.

"ದಿನಾ ನೀರು ಹೊತ್ತು ಓಡಾಡಿದ ಮನೆ. ಕಣ್ಣು ಕಟ್ಟಿ ಬಿಟ್ರೂ ಹಿತ್ತಲ ಬಾಗಿಲು ಸಿಗ್ತಿತ್ತು."

"ಸಿಗ್ತಿತ್ತು, ಒಬ್ಬಳೇ ಆಗಿದ್ರೆ. ಮುದುಕಿ ಬೆನ್ನ ಮೇಲಿದ್ಲಲ್ಲ. ಕೆಳಗಿಳಿಸಿ ಬರೋಳಲ್ಲ ಅವಳು."

ಕೋಕಿಲಾಬೆನ್ ಇಷ್ಟು ದಿನ ತಮ್ಮನ್ನು ಬಚ್ಚಲಿಗೆ ತೋಳು ಕೊಟ್ಟು ನಡೆಸಿದ ಫಾಲ್ಗುಣಿಯ ಕಡೆ ಒಮ್ಮೆ ನೋಡಿದರು. ಅವಳು ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿದ್ದಳು.

ರಾಜನಿಲ್ಲದ್ದು ಐತಿಹಾಸಿಕ ಕಾದಂಬರಿ ಹೇಗಾದೀತೆಂದು ವಿಮರ್ಶಕರು ಅಂದಿದ್ದರು, ಮಿಕ್ಕ ಪ್ರತಿಗಳೆಲ್ಲ ಮಂಚದ ಕೆಳಗಿವೆ ಎಂದರು ಠಾಕೋರ್‌ಭಾಯಿ. ದುಃಖವಿಲ್ಲದೆ, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದರು. ಕೋಕಿಲಾಬೆನ್‌ರ ಗಂಡನ ಬೀಗದ ಕಥೆ ಕೇಳಿದಾಗ ಮಾತ್ರ ಮೈ ಕುಲುಕಿಸಿ ನಕ್ಕರು.

ಕೋಕಿಲಾಬೆನ್ ಮಂಚದ ಕೆಳಗಿನ ಒಂದು ಕಟ್ಟು ಪುಸ್ತಕ ತಂದರು. ಮಧ್ಯಾಹ್ನ ಓಣಿಯ ಹೆಂಗಸರನ್ನು ಜಗಲಿಯಲ್ಲಿ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಕಥೆ ಮುಗಿದ ದಿನ ಠಾಕೋರ್‌ಭಾಯಿಯನ್ನೂ ಕರೆಸಿದರು. ಹೆಂಗಸರು ಒಬ್ಬೊಬ್ಬರಾಗಿ ಅವರನ್ನು ಬೈದರು. ಅವರು ಕಿವಿಯ ಯಂತ್ರದ ದನಿ ಏರಿಸಿಕೊಂಡು, ಕತ್ತಲಾಗುವವರೆಗೂ ಕೂತು ಬೈಸಿಕೊಂಡರು.