ಸಾಹೇಬರ ಹತ್ತಿಯ ಗಡ್ಡ

ಪಂಢರಿನಾಥ ಸಾಹೇಬರು ಕ್ರಿಸ್ಮಸ್ ತಾತನಾಗಲು ಔಷಧಿ ಪೆಟ್ಟಿಗೆಯ ಹತ್ತಿಯನ್ನೆಲ್ಲ ಗದ್ದಕ್ಕೆ ಅಂಟಿಸಿಕೊಂಡರು. ದೋಣಿಯ ಕೆಳಗಿನ ಕೋಣೆಯಲ್ಲಿ ಹುಲಿಗೆಪ್ಪ ಕೀವಾದ ಎರಡು ಬೆರಳಿಗೆ ನನ್ನ ಹಳೇ ಬನಿಯನ್ನಿನ ಚೂರು ಸುತ್ತಿಕೊಂಡು ನರಳುತ್ತಿದ್ದ.

ಎಪ್ಪತ್ಮೂರನೇ ಇಸವಿಯ ಮಾತು. ನಾನು ಹಣಮಂತ್ರಾಯ, ಪುಣೆಯ ಖಡಕಿಯಲ್ಲಿ ಮಿಲಿಟರಿ ಡೇರೆ ಹೊಲಿಯುವವನು. ಡೇರೆ ಹೊಲಿಯುವವನಿಗೆ ಹಾಯಿ ಹೊಲಿಯುವುದೇನು ಮಹಾ ಎಂದು ಸಾಹೇಬರು ನನ್ನನ್ನು ತಮ್ಮ ಹಾಯಿದೋಣಿಗೆ ಹಾಕಿಕೊಂಡರು. ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಹುಲಿಗೆಪ್ಪ ನಮ್ಮ ಓಣಿಯವನೇ, ಅಡುಗೆಗೆ ಬಂದ. ಮುಂಬಯಿಯಿಂದ ಮಾರಿಷಸ್‌ವರೆಗೆ ನಾವು ಮೂವರೇ. ನಡುವೆ ಎಲ್ಲೂ ನೆಲ ಮುಟ್ಟದೆ ಹೋದರು ಎಂದು ಪುಣೆಯ ಇಂಗ್ಲಿಷ್ ಪೇಪರಿನಲ್ಲಿ ಬರಬೇಕೆಂಬುದು ಸಾಹೇಬರ ಹುಚ್ಚು. ಸಮುದ್ರಕ್ಕೆ ಇದೆಲ್ಲ ಗೊತ್ತಿರಲಿಲ್ಲ, ಪಾಪ.

ಐದು ದಿನದ ಹಿಂದೆ ಹುಲಿಗೆಪ್ಪನ ಬಲಗೈ ಬೆರಳು ಹಗ್ಗ ಸುತ್ತುವ ರಾಟೆಗೆ ಸಿಕ್ಕು ಜಜ್ಜಿಹೋಗಿದ್ದವು. ಈಗ ಮುಂಗೈ ಕೂಡ ಊದಿತ್ತು. ಸೇಶೆಲ್ಸ್ ದ್ವೀಪ ಎರಡು ದಿನದ ಹಾದಿ, ಅಲ್ಲಿ ಆಸ್ಪತ್ರೆಯಿತ್ತು. ಮಾರಿಷಸ್‌ಗೆ ಇನ್ನೂ ಹನ್ನೆರಡು ದಿನ. ನಾನು ಕೈ ಮುಗಿದು ಕೇಳಿದರೆ ಸಾಹೇಬರು, "ಉಪ್ಪು ನೀರಿನಲ್ಲಿ ಅದ್ದು" ಎಂದು ಮರಾಠಿಯಲ್ಲಿ ಹೇಳಿ ಡಬ್ಬಿಯ ಕೇಕು ತೆಗೆಯಲು ಕೂತರು. ದೇವರ ಮುಂದೆ ಗಂಟೆ ಬಾರಿಸಲು ನಾಚುವ ಮನುಷ್ಯ ನಮ್ಮಿಬ್ಬರ ತಲೆಗೆ ಕೆಂಪು ಕಾಗದದ ಟೋಪಿ ಹಾಕಿ ಇಂಗ್ಲಿಷ್ ಹಾಡು ಹೇಳಿದರು. ಹೇಸಿಗೆಯಾಯಿತು.

ನನ್ನ ಆಸೆಯೆಲ್ಲ ಹನ್ನೊಂದು ಗಂಟೆಯ ರೇಡಿಯೋ ಮೇಲಿತ್ತು. ಪುಣೆಯಲ್ಲಿ ಸಾಹೇಬರ ಕ್ಲಬ್ಬಿನ ಗೆಳೆಯರೊಬ್ಬರು ಮನೆಯಲ್ಲೇ ರೇಡಿಯೋ ಯಂತ್ರ ಇಟ್ಟಿದ್ದರು. ದೊಡ್ಡ ಡಾಕ್ಟರು. ಹಬ್ಬವೆಂದು ಹುಲಿಗೆಪ್ಪನ ಹೆಂಡತಿ ಚಂದಮ್ಮನನ್ನೂ ಅಲ್ಲಿಗೆ ಕರೆಸಿದ್ದರು. ಸಾಹೇಬರಿಗೆ ಕನ್ನಡ ಬಾರದು. ಚಂದಮ್ಮನಿಗೆ ಕನ್ನಡದಲ್ಲಿ ಹೇಳಿದರೆ ಅವಳು ಡಾಕ್ಟರಿಗೆ ಮರಾಠಿಯಲ್ಲಿ ಹೇಳುತ್ತಾಳೆ. ಡಾಕ್ಟರು ಹೇಳಿದರೆ ಸಾಹೇಬರು ದೋಣಿ ತಿರುಗಿಸಲೇಬೇಕು, ಇಲ್ಲದಿದ್ದರೆ ಕ್ಲಬ್ಬಿನಲ್ಲಿ ಮುಖವೆಲ್ಲಿ ತೋರಿಸುವುದು? ಹುಲಿಗೆಪ್ಪ ಜ್ವರದಲ್ಲೂ ಇದಕ್ಕೆ ತಲೆಯಾಡಿಸಿದ.

ಸಾಹೇಬರು ಮೊದಲು ಹತ್ತು ನಿಮಿಷ, ದೋಣಿಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಬೊಗಳೆ ಬಿಟ್ಟರು. ಆಮೇಲೆ ಮೈಕು ನನ್ನ ಕೈಗೆ ಬಂತು.

"ಎಲ್ಲಾರೂ ಆರಾಮ ಅದೀರೇನಣ್ಣಾ?" ಚಂದಮ್ಮನ ದನಿ.

"ಆರಾಮ ಅದೀವಿ, ತಂಗಿ. ನೀವು?"

ನಮ್ಮ ಕಡೆ ಹಾಗೇ. ಕಾಲು ಮುರಿದುಕೊಂಡು ಬಂದವನೂ ಮೊದಲು ಆರಾಮ ಎನ್ನುತ್ತಾನೆ. ಕೂತು ನೀರು ಕುಡಿದ ಮೇಲೆ ಕಾಲು ತೋರಿಸುತ್ತಾನೆ. ನನ್ನ ನಾಲಗೆ ನನ್ನನ್ನು ಕೇಳಲೇ ಇಲ್ಲ.

"ನಾವೂ ಆರಾಮ. ನಿನ್ನೆ ಎಳ್ಳಮವಾಸಿ, ನದೀ ದಂಡಿ ಕಾಯಿಪಲ್ಲೆ ತ್ವಾಟದಾಗ ಭೂಮ್ತಾಯಿಗೆ ಚರಗ ಚೆಲ್ಲಿದ್ವಿ. ನಿಮ್ಮನಿ ವೈನಿ ಹೋಳಿಗಿ ಭಾಳ ಮಾಡಿದ್ರು. ನಿಮ್ಮ ಹುಡುಗ್ರು ಚಲೋ ಅದಾವ..." ಅವಳು ಹೇಳುತ್ತಲೇ ಹೋದಳು. ಆ ಯಂತ್ರದಲ್ಲಿ ನಡುವೆ ಬಾಯಿ ಹಾಕುವಂತಿಲ್ಲ.

"ತಂಗಿ, ಕೇಳಿಲ್ಲಿ, ಇವನ ಕೈ" ಎನ್ನುವಷ್ಟರಲ್ಲಿ ಗರಗರ ಶುರುವಾಯಿತು. ಆಮೇಲೆ ಆ ಕಡೆಯ ದನಿ ಬರಲೇ ಇಲ್ಲ. ಸಾಹೇಬರು ಬ್ಯಾಟರಿ ಉಳಿಸಬೇಕೆಂದು ಗುಂಡಿ ಒತ್ತಿ ಆರಿಸಿದರು. ನಾನು ಅವರ ಕಾಲಿಗೆ ಬಿದ್ದೆ.

"ಈಗ ತಾನೇ ನೀನೇ ಆರಾಮ ಅಂದೆಯಲ್ಲ" ಎಂದು ಮರಾಠಿಯಲ್ಲಿ ನಕ್ಕರು. ನಾನಾಡಿದ ಕನ್ನಡದಲ್ಲಿ ಆ ಮನುಷ್ಯನಿಗೆ ತಿಳಿದದ್ದು ಅದೊಂದೇ ಮಾತು.

ಮೈಕು ಮತ್ತೆ ನನ್ನ ಕೈಗೆ ಬರಲಿಲ್ಲ. ಹನ್ನೆರಡು ದಿನದ ಮೇಲೆ ಮಾರಿಷಸ್ಸಿನ ಡಾಕ್ಟರು ಹುಲಿಗೆಪ್ಪನ ಬಲಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿದರು. ಮೆಸ್ಸಿನ ಕೆಲಸ ಹೋಯಿತು. ಸಾಹೇಬರ ಫೋಟೋ ಪೇಪರಿನಲ್ಲಿ ಬಂತು.

ಖಡಕಿಗೆ ಮರಳಿದ ದಿನ ನಾನು ಚಂದಮ್ಮನ ಮನೆಯಲ್ಲಿ ಕೂತು ಆ ಸಾಹೇಬನ ವಂಶವನ್ನೆಲ್ಲ ಬೈದೆ. ಗಡ್ಡದ ಸಂಗತಿ, ಕೇಕಿನ ಸಂಗತಿ, ಏನೂ ಬಿಡಲಿಲ್ಲ. ಅವಳು ಗಂಡನ ಬಾಯಿಗೆ ತುತ್ತಿಡುತ್ತ ಕೇಳಿಸಿಕೊಂಡಳು.

"ಸಾಹೇಬ ಎಲ್ಲಾ ಚಲೋ ಐತಿ ಅಂದಾಗ ನಾ ನಂಬಿದ್ದಿಲ್ಲಣ್ಣಾ," ಎಂದಳು. "ನೀ ಅಂದ ಮ್ಯಾಲೆ ನಂಬಿದೆ."