ಸರಸ್ವತಿ ಟೀಚರ್ ಅಡಿಲೇಡಿನಲ್ಲಿ ಇಳಿದದ್ದು

ಚಿತ್ರಾನ್ನದ ಜವಾಬ್ದಾರಿಯನ್ನು ತಮಗೆ ವಹಿಸಿದ ದಿನವೇ, ವಾಲ್ಟರ್ ಮಸ್ಕರೇನಸ್‌ಗಿಂತ ಮೊದಲು ತಾವು ಅಡಿಲೇಡ್ ತಲುಪಬೇಕೆಂದು ಸರಸ್ವತಿಯವರು ತೀರ್ಮಾನಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ. "ಆಯ್ತು, ಮಾಡ್ತೀನಿ" ಎಂದಷ್ಟೇ ಹೇಳಿ, ನೋಟ್‌ಬುಕ್ಕಿನಲ್ಲಿ ನಿಂಬೆಹಣ್ಣು ಎಂದು ಬರೆದುಕೊಂಡರು.

ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು ಅವರು. ಗಂಡ ತೀರಿಕೊಂಡ ಮೇಲೆ ಆರು ತಿಂಗಳು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಮಗಳು ನಿಖಿತಾಳ ಮನೆ, ಆರು ತಿಂಗಳು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಮಗ ಉತ್ತಮನ ಫ್ಲ್ಯಾಟು. ಒಬ್ಬರು ವಿಮಾನ ಹತ್ತಿಸುವುದು, ಇನ್ನೊಬ್ಬರು ಇಳಿಸಿಕೊಳ್ಳುವುದು. ಕಾಲು ಗಟ್ಟಿಯಾಗಿಯೇ ಇದ್ದರೂ ಎಲ್ಲಿ ದಾರಿ ತಪ್ಪುತ್ತಾರೋ ಎಂದು ಮಕ್ಕಳು ಪ್ರತಿ ಸಲ ವೀಲ್‌ಚೇರ್ ಬುಕ್ ಮಾಡುತ್ತಿದ್ದರು. ನಾಲ್ಕು ಸಾವಿರ ಹುಡುಗಿಯರಿಗೆ ಭೂಮಂಡಲದ ದಾರಿ ತೋರಿಸಿದ ಹೆಂಗಸಿಗೆ ಗೇಟ್ ನಂಬರ್ ಹನ್ನೊಂದು ಸಿಗುವುದಿಲ್ಲ ಎಂಬುದು ಮಕ್ಕಳಿಬ್ಬರ ದೃಢವಾದ ನಂಬಿಕೆ.

ಇನ್ನು ವಾಲ್ಟರ್. ಮಂಗಳೂರಿನ ಬೆಂದೂರಿನವರು, ಕುವೈತಿನಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದು ಈಗ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ನೆಲೆಸಿದವರು. ಅಲ್ಲಿನ ಹಾಲ್‌ನಲ್ಲಿ ಗುರುವಾರ ಮಧ್ಯಾಹ್ನ ಸೇರುವ ಹಿರಿಯರ ಕೂಟಕ್ಕೆ ಅವರೇ ಕಾರ್ಯದರ್ಶಿ. ಅವರಿಗೂ ಸರಸ್ವತಿಯವರಿಗೂ ಇದ್ದ ಒಂದೇ ಸಮಾನ ಹುಚ್ಚೆಂದರೆ ಧ್ರುವ ಪ್ರದೇಶ. ಅದರಲ್ಲೂ ಪಕ್ಷ ಬೇರೆ. ವಾಲ್ಟರ್, ದಕ್ಷಿಣ ಧ್ರುವಕ್ಕೆ ಎರಡನೆಯವನಾಗಿ ತಲುಪಿ ಮರಳುವ ದಾರಿಯಲ್ಲಿ ಸತ್ತ ಇಂಗ್ಲಿಷರ ಸ್ಕಾಟ್ ಕಡೆ. ಸರಸ್ವತಿಯವರು, ಅವನಿಗಿಂತ ಮೊದಲು ಅಲ್ಲಿ ಮುಟ್ಟಿದ ನಾರ್ವೆಯ ಅಮುಂಡ್ಸನ್ ಕಡೆ.

"ಅವ ಮೋಸಗಾರ ಟೀಚರ್," ಎನ್ನುತ್ತಿದ್ದರು ವಾಲ್ಟರ್. "ಉತ್ತರ ಧ್ರುವಕ್ಕೆ ಹೋಗ್ತೇನೆ ಅಂತ ಊರಿಗೆಲ್ಲ ಹೇಳಿ ಹಡಗು ಹತ್ತಿದ. ಅರ್ಧ ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದ. ಪಾಪ ಸ್ಕಾಟ್‌ಗೆ ಮೆಲ್ಬರ್ನ್‌ನಲ್ಲಿ ಒಂದು ಟೆಲಿಗ್ರಾಂ ಸಿಕ್ಕಿತು, ಅಷ್ಟೇ. ಇದೆಂಥ ಮರ್ಯಾದೆ?"

"ತಿಳಿಸಿದ್ನಲ್ಲ. ತಡವಾಗಿ ತಿಳಿಸೋದು ಸುಳ್ಳು ಹೇಳಿದ ಹಾಗಲ್ಲ."

ಈ ಜಗಳವನ್ನು ಕೂಟದ ಉಳಿದವರು ಬಿಸ್ಕತ್ತಿನ ಜೊತೆ ಎರಡು ವರ್ಷದಿಂದ ಸವಿಯುತ್ತಿದ್ದರು. ಹೀಗಿರುವಾಗ ಆಗಸ್ಟಿನಲ್ಲಿ ಅಡಿಲೇಡಿನಿಂದ ಒಂದು ಕಾಗದ ಬಂತು. ಬರೆದವರು ಸೋಲ್ವೈಗ್ ಹಾಲ್ವೊರ್ಸೆನ್ ಎಂಬ ತೊಂಬತ್ತೊಂದರ ಅಜ್ಜಿ. ಆಕೆಯ ತಾತ ನಾರ್ವೆಯಲ್ಲಿ ಸ್ಕೀ ಮಾಡುವ ಬಡಗಿಯ ಬಳಿ ಕೆಲಸಕ್ಕಿದ್ದನಂತೆ. ಹಿಮದ ಮೇಲೆ ಜಾರಿಕೊಂಡು ಹೋಗಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಮರದ ಪಟ್ಟಿಗಳೇ ಸ್ಕೀ. ಧ್ರುವಯಾತ್ರೆಗಳ ಆ ಕಾಲದಲ್ಲಿ ತಾತ ಮಾಡಿದ ಒಂದು ಜೋಡಿ ಈಗಲೂ ಮನೆಯಲ್ಲಿದೆ. ತಾನು ವೃದ್ಧಾಶ್ರಮಕ್ಕೆ ಹೋಗುವವಳು, ಅಲ್ಲಿ ಅದನ್ನು ಇಡಲು ಜಾಗವಿಲ್ಲ. ನಿಮ್ಮ ಕೂಟದಲ್ಲಿ ಧ್ರುವದ ಮಾತಾಡುವವರಿದ್ದಾರೆಂದು ಪರ್ತ್‌ನಲ್ಲಿರುವ ಸೋದರ ಸೊಸೆ ಹೇಳಿದಳು. ಮೊದಲು ಬಂದವರಿಗೆ ಕೊಡುತ್ತೇನೆ ಎಂದು ಅಜ್ಜಿ ಬರೆದಿದ್ದರು.

ವಾಲ್ಟರ್ ಕೂಡಲೇ ಸಮಿತಿ ಮಾಡಿದರು. ಅಕ್ಟೋಬರಿನಲ್ಲಿ ಹನ್ನೊಂದು ಜನರ ಪ್ರಯಾಣ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಸ್ಕೀ ಸ್ವೀಕರಿಸಿ ಅವರದೇ ಭಾಷಣ. ಸರಸ್ವತಿಯವರು ತಾವೂ ಎರಡು ಮಾತಾಡುವುದಾಗಿ ಹೇಳಿದ್ದಕ್ಕೆ, "ನೀವು ಊಟದ್ದು ನೋಡಿಕೊಳ್ಳಿ ಟೀಚರ್, ನಿಮ್ಮ ಚಿತ್ರಾನ್ನ ಫಸ್ಟ್ ಕ್ಲಾಸ್ ಆಗ್ತದೆ" ಎಂದುಬಿಟ್ಟರು.

ಸೆಪ್ಟೆಂಬರಿನಲ್ಲಿ ಹೇಗೂ ಬ್ರಿಸ್ಬೇನ್‌ಗೆ ಹೊರಡುವ ಸರದಿ ಇತ್ತು. ಸರಸ್ವತಿಯವರು ಮೊದಲ ಬಾರಿಗೆ ತಮ್ಮ ಟಿಕೆಟ್ಟನ್ನು ತಾವೇ ಬುಕ್ ಮಾಡಿದರು. ಪರ್ತ್‌ನಿಂದ ಬೆಳಿಗ್ಗೆ ಏಳಕ್ಕೆ, ಅಡಿಲೇಡಿನಲ್ಲಿ ವಿಮಾನ ಬದಲಿಸಿ ಬ್ರಿಸ್ಬೇನ್‌ಗೆ ರಾತ್ರಿ ಎಂಟರ ಸುಮಾರಿಗೆ.

"ಇಷ್ಟೊತ್ತು ಯಾಕೆ ಹಿಡಿಯುತ್ತೆ ಅಮ್ಮ?" ಎಂದು ನಿಖಿತಾ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಅಡಿಲೇಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಬ್ರಿಸ್ಬೇನ್ ಅಡಿಲೇಡ್‌ಗಿಂತ ಅರ್ಧ ಗಂಟೆ ಮುಂದೆ. ನಾವು ಪೂರ್ವಕ್ಕೆ ಹೋಗೋದ್ರಿಂದ ರೇಖಾಂಶಕ್ಕೆ ನಾಲ್ಕು ನಿಮಿಷದ ಲೆಕ್ಕ ಹಿಡಿದ್ರೆ..."

"ಸರಿ ಅಮ್ಮ, ಗೊತ್ತಾಯ್ತು ಬಿಡು."

ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಅಡಿಲೇಡಿನಲ್ಲಿ ಸಿಗುವ ಐದೂವರೆ ಗಂಟೆಯನ್ನು ಸರಸ್ವತಿಯವರು ರೇಖಾಂಶಗಳ ಸಂದಿಯಲ್ಲಿ ಬಚ್ಚಿಟ್ಟಿದ್ದರು. ಭೂಗೋಳದಿಂದ ಇಂಥ ಉಪಯೋಗವೂ ಉಂಟೆಂದು ಹುಡುಗಿಯರಿಗೆ ಹೇಳಿಕೊಡದೆ ಹೋದೆನಲ್ಲ ಎಂದು ಅವರಿಗೆ ಸ್ವಲ್ಪ ಬೇಸರವೂ ಆಯಿತು.

ಹೊರಡುವ ಹಿಂದಿನ ದಿನ ಸರಸ್ವತಿಯವರು ವಾಲ್ಟರ್ ಅವರ ಮನೆಗೆ ಫೋನ್ ಮಾಡಿದರು. ಅವರ ಹೆಂಡತಿ ರೊವೆನಾ ಎತ್ತಿಕೊಂಡು, ಅವರು ಬನ್ಬರಿ ಕಡೆ ಚರ್ಚಿನ ಮೌನ ಧ್ಯಾನಕ್ಕೆ ಹೋಗುವವರಿದ್ದಾರೆ, ನಾಳೆ ಇಡೀ ದಿನ ಮಾತಿಲ್ಲ, ಫೋನೂ ಇಲ್ಲ ಎಂದರು. ಸರಸ್ವತಿಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಮರುದಿನ ವಿಮಾನದ ಬಾಗಿಲು ಹಾಕುವ ಮೊದಲು ಅವರು ವಾಲ್ಟರ್‌ಗೆ ವಾಟ್ಸ್‌ಆಪ್ ಕಳಿಸಿದರು: "ತಮ್ಮ ಗಮನಕ್ಕೆ ತರಲು ಅಪ್ಪಣೆ ಬೇಡುತ್ತೇನೆ. ಅಡಿಲೇಡ್ ಕಡೆಗೆ ಹೊರಟಿದ್ದೇನೆ. ಸರಸ್ವತಿ." ಅಮುಂಡ್ಸನ್ ಕಳಿಸಿದ ಟೆಲಿಗ್ರಾಂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಸಂದೇಶದ ಕೆಳಗೆ ಒಂದೇ ಟಿಕ್ ಬಿತ್ತು. ಮನುಷ್ಯ ಧ್ಯಾನದಲ್ಲಿದ್ದಾನೆ ಎಂದುಕೊಂಡು ಅವರು ಸೀಟ್ ಬೆಲ್ಟ್ ಬಿಗಿದುಕೊಂಡರು.

ಅಡಿಲೇಡಿನಲ್ಲಿ, ನಿಖಿತಾ ಈ ಸಲವೂ ಬುಕ್ ಮಾಡಿದ್ದ ವೀಲ್‌ಚೇರ್ ಹಿಡಿದು ಒಬ್ಬ ಹುಡುಗಿ ಕಾಯುತ್ತಿದ್ದಳು. ಮುಂದಿನ ಗೇಟಿಗೆ ತಳ್ಳಲು ಹೋದವಳಿಗೆ ಸರಸ್ವತಿಯವರು ನೇರವಾಗಿ ಟ್ಯಾಕ್ಸಿ ಸ್ಟ್ಯಾಂಡಿಗೆ ಕೈ ತೋರಿಸಿದರು. ಅಲ್ಲಿ ತಟ್ಟನೆ ಎದ್ದು, ಬ್ಯಾಗನ್ನು ಹೆಗಲಿಗೇರಿಸಿ, ಥ್ಯಾಂಕ್ಸ್ ಹೇಳಿ ಬಿರಬಿರನೆ ನಡೆದು ಹೋದರು. ಹುಡುಗಿ ಖಾಲಿ ಕುರ್ಚಿಯ ಹಿಂದೆ ನಿಂತು ನೋಡುತ್ತಲೇ ಇದ್ದಳು.

ಸೋಲ್ವೈಗ್ ಅಜ್ಜಿಯ ಮನೆ ಸೆಮಾಫೋರ್‌ನಲ್ಲಿ, ಸಮುದ್ರಕ್ಕೆ ಎದುರಾಗಿ. ಕೋಣೆಗಳಲ್ಲೆಲ್ಲ ರಟ್ಟಿನ ಪೆಟ್ಟಿಗೆಗಳು. ಅಜ್ಜಿ ತೆಳ್ಳಗೆ, ಉದ್ದಕ್ಕೆ, ವಾಕರ್ ಹಿಡಿದುಕೊಂಡೂ ಬಾಗಿಲ ಚೌಕಟ್ಟಿನಷ್ಟು ಎತ್ತರ ಇದ್ದರು. ಕಿವಿ ಮಂದ, ಆದ್ದರಿಂದ ಎದುರಿನವರಿಗೂ ಕೇಳುವುದಿಲ್ಲವೆಂಬಂತೆ ಕೂಗಿ ಮಾತಾಡುತ್ತಿದ್ದರು. ಸ್ಕೀಗಳು ಗೋಡೆಗೆ ಒರಗಿದ್ದವು. ಸರಸ್ವತಿಯವರು ತಲೆಯೆತ್ತಿ ನೋಡಿದರು. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಇದೇ ಸ್ಕೀ ಎಂದು ಹೇಳಿದ್ದರು. ಈಗ ಕಣ್ಣೆದುರು ನಿಂತದ್ದು ತಮಗಿಂತ ಒಂದು ಮೊಳ ಎತ್ತರದ, ಜೇನಿನ ಬಣ್ಣದ ಮರ. ಮೂತಿಯಲ್ಲಿ ಹಾವಿನ ಹೆಡೆಯ ಹಾಗೆ ಮೇಲಕ್ಕೆ ಬಾಗಿತ್ತು. ಮುಟ್ಟಿದರು. ನುಣ್ಣಗೆ, ತಣ್ಣಗಿತ್ತು. ಕಣ್ಣು ಸ್ವಲ್ಪ ಮಂಜಾಯಿತು; ಅದನ್ನು ಅಜ್ಜಿ ನೋಡಿದರು.

"ಒಂದು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ," ಎಂದು ಅಜ್ಜಿ ಕೂಗಿದರು. "ಅದಕ್ಕೇ ಇದನ್ನು ಯಾರೂ ಯಾವ ಧ್ರುವಕ್ಕೂ ಒಯ್ಯಲಿಲ್ಲ. ತಾತನಿಗೆ ಬೈಗುಳ ಸಿಕ್ಕಿತು, ಸ್ಕೀ ಉಳಿಯಿತು. ನೀವು ಯಾವತ್ತಾದರೂ ಸ್ಕೀ ಮೇಲಿಂದ ಬಿದ್ದಿದ್ದೀರಾ?"

"ಇಲ್ಲ. ಹಿಮವನ್ನೇ ನೋಡಿಲ್ಲ."

"ಹಾಗಾದರೆ ಕೊಡಲು ಆಗುವುದಿಲ್ಲ. ಬೀಳದವರ ಕೈಗೆ ಸ್ಕೀ ಕೊಡಬಾರದು ಅನ್ನುತ್ತಿದ್ದ ತಾತ. ಬನ್ನಿ, ಎದುರಿಗೇ ಮರಳಿದೆ."

ಈ ಷರತ್ತು ಕಾಗದದಲ್ಲಿ ಇರಲಿಲ್ಲ. ಆದರೆ ಐದೂವರೆ ಗಂಟೆಯಲ್ಲಿ ಒಂದೂವರೆ ಆಗಲೇ ಮುಗಿದಿತ್ತು, ಚರ್ಚೆಗೆ ಹೊತ್ತಿರಲಿಲ್ಲ. ಸರಸ್ವತಿಯವರು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ಕೀಗಳನ್ನು ಒಂದೊಂದಾಗಿ ಹೊತ್ತು ರಸ್ತೆ ದಾಟಿಸಿದರು. ಮರಳ ದಿಬ್ಬದ ತುದಿಯಲ್ಲಿ ಕೂತು ಕ್ಯಾನ್ವಾಸ್ ಶೂಗಳ ಮೇಲೆ ಹಳೆಯ ಚರ್ಮದ ಪಟ್ಟಿ ಬಿಗಿದುಕೊಂಡರು. ಎದ್ದು ನಿಲ್ಲಲು ನಾಲ್ಕು ಸಲ ಪ್ರಯತ್ನ ಬೇಕಾಯಿತು. ಮರಳಿನ ಮೇಲೆ ಸ್ಕೀ ಜಾರಲೇ ಇಲ್ಲ. ಎಮ್ಮೆಯ ಹಾಗೆ ನಿಂತಿತು. ಸ್ಕೀ ಜೊತೆಗೆ ಅಜ್ಜಿ ಕೊಟ್ಟಿದ್ದ ಬಿದಿರುಕೋಲು ಊರಿ ಎರಡು ಹೆಜ್ಜೆ ನೂಕಿದರು, ಮೂರನೆಯದಕ್ಕೆ ಮೆಲ್ಲಗೆ ಹಿಂದಕ್ಕೆ ಕುಕ್ಕರಿಸಿದರು.

"ಅದು ಬಿದ್ದದ್ದಲ್ಲ, ಕೂತದ್ದು," ಎಂದು ದಾರಿಯ ಅಂಚಿನಿಂದ ಅಜ್ಜಿ ಕೂಗಿದರು. "ಇನ್ನೊಮ್ಮೆ."

ಸರಸ್ವತಿಯವರಿಗೆ ರೇಗಿತು. ದಿಬ್ಬದ ಇಳಿಜಾರಿನ ಕಡೆ ತಿರುಗಿ, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿ ಕೋಲು ಒತ್ತಿದರು. ಈ ಸಲ ಜಾರಿತು. ಮೂರು ಮಾರು, ನಾಲ್ಕು ಮಾರು, ಗಾಳಿ ಕಿವಿಗೆ ಬಡಿಯಿತು, ಸೆರಗು ಹಿಂದಕ್ಕೆ ಹಾರಿತು, ಬಾಯಿಂದ ತಾನಾಗಿಯೇ ಒಂದು ನಗು ಹೊರಟಿತು. ಆಮೇಲೆ ಎರಡು ಬೆರಳು ಉದ್ದದ ಸ್ಕೀ ಇನ್ನೊಂದರ ಮೇಲೇರಿತು. ಅವರು ಬಲಮಗ್ಗುಲಿಗೆ ಬಿದ್ದು, ಹೊರಳಿ, ಎರಡೂ ಸ್ಕೀ ಆಕಾಶಕ್ಕೆ ಮಾಡಿ ನಿಂತರು. ನಿಂತದ್ದು ಸ್ಕೀ ಮಾತ್ರ, ಅವರು ಮಲಗಿದ್ದರು. ಯಾರದೋ ನಾಯಿ ಬಂದು ಮೂಗನ್ನು ಮೂಸಿ ಹೋಯಿತು.

"ಈಗ ಬಿದ್ದಿರಿ," ಎಂದರು ಅಜ್ಜಿ ತೃಪ್ತಿಯಿಂದ.

ಕಣ್ಣಿನ ಮರಳು ಒರೆಸಿಕೊಂಡು ಸರಸ್ವತಿಯವರು ತಲೆಯೆತ್ತಿದಾಗ, ಅಜ್ಜಿಯ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಕೂಟದ ಟೀ ಶರ್ಟು, ತಲೆಗೆ ಟೋಪಿ, ಕೈಯಲ್ಲಿ ಎತ್ತಿ ಹಿಡಿದ ಫೋನು. ವಾಲ್ಟರ್ ಮಸ್ಕರೇನಸ್.

"ನೀವು ಇಲ್ಲಿ ಎಂತ ಮಾಡುದು ಟೀಚರ್?" ಎಂದರು ವಾಲ್ಟರ್.

"ಮೌನ ಧ್ಯಾನ ಮುಗೀತಾ?" ಎಂದರು ಸರಸ್ವತಿ, ಮಲಗಿದಲ್ಲಿಂದಲೇ.

ವಾಲ್ಟರ್ ಫೋನನ್ನು ಜೇಬಿಗೆ ಹಾಕಿದರು. ಆಮೇಲೆ ಇಳಿದು ಬಂದು ಚರ್ಮದ ಪಟ್ಟಿ ಬಿಚ್ಚಿಕೊಟ್ಟರು. "ಚಿತ್ರಾನ್ನ ಅಂದಾಗ ನೀವು ಜಗಳ ಮಾಡಲಿಲ್ಲ ನೋಡಿ. ಆವಾಗಲೇ ನನಗೆ ಡೌಟ್ ಬಂತು. ನಿಮ್ಮ ಮೆಸೇಜು ವಿಮಾನ ಇಳಿದ ಮೇಲೆ ಸಿಕ್ಕಿತು. ಏರ್‌ಪೋರ್ಟಲ್ಲಿ ಕಾರು ತಗೊಳ್ಳಲಿಕ್ಕೆ ಕ್ಯೂ ಇತ್ತು, ಇಲ್ಲದಿದ್ದರೆ ನಾನೇ ಮೊದಲು ಬರ್ತಿದ್ದೆ."

"ರೊವೆನಾಗೆ ಗೊತ್ತಾ?"

"ದಯವಿಟ್ಟು ಹೇಳಬೇಡಿ ಮಾರಾಯ್ರೆ."

ಅಜ್ಜಿ ವಾಲ್ಟರ್‌ಗೂ ಅವಕಾಶ ಕೊಟ್ಟರು. ಬಿದ್ದರೆ ಅರ್ಧ ಹಕ್ಕು. ವಾಲ್ಟರ್ ದಿಬ್ಬವನ್ನು ನೋಡಿದರು, ಸ್ಕೀ ನೋಡಿದರು, ಹೋದ ವರ್ಷವಷ್ಟೇ ಹಾಕಿಸಿಕೊಂಡ ತಮ್ಮ ಹೊಸ ಮಂಡಿಯನ್ನು ತಟ್ಟಿ ತೋರಿಸಿ ತಲೆಯಾಡಿಸಿದರು. ತೀರ್ಪು ಅಲ್ಲಿಗೆ ಮುಗಿಯಿತು. ಸ್ಕೀ ಸರಸ್ವತಿಯವರದು.

ಆದರೆ ಅದನ್ನು ಒಯ್ಯುವುದು ಹೇಗೆ? ಈ ಒಂದನ್ನು ಮಾತ್ರ ಅವರು ಯೋಚಿಸಿಯೇ ಇರಲಿಲ್ಲ. ಟ್ಯಾಕ್ಸಿಯಲ್ಲಿ ಹಿಡಿಸುವಂತಿಲ್ಲ, ಉತ್ತಮನ ಫ್ಲ್ಯಾಟಿನ ಲಿಫ್ಟಿನಲ್ಲಿ ನಿಲ್ಲುವಂತಿಲ್ಲ. ಅತ್ತ ರಸ್ತೆಯ ಬದಿಯಲ್ಲಿ ವಾಲ್ಟರ್ ಬಾಡಿಗೆಗೆ ತಂದ ಉದ್ದನೆಯ ಕಾರು ನಿಂತಿತ್ತು. ಮೇಲೆ ಕ್ಯಾರಿಯರ್, ಕಟ್ಟಲು ಬೆಲ್ಟು, ಸುತ್ತಲು ಎರಡು ಹಳೆಯ ಕಂಬಳಿ. ವಿಮಾನದ ಲಗೇಜಿಗೆ ಮೊದಲೇ ಬರೆಸಿಟ್ಟ ಚೀಟಿ ಕೂಡ.

"ಇಷ್ಟೆಲ್ಲ ತಯಾರಿ," ಎಂದರು ಸರಸ್ವತಿಯವರು. ಹೊಟ್ಟೆಕಿಚ್ಚನ್ನು ಮರೆಮಾಡಲು ಆಗಲಿಲ್ಲ.

"ಪರ್ತ್‌ಗೆ ನಾನು ತಗೊಂಡು ಹೋಗ್ತೇನೆ. ನಿಮ್ಮ ಹೆಸರಲ್ಲೇ ಹಾಲ್‌ನಲ್ಲಿ ಇಡುವ. ನಂಬಿಕೆ ಉಂಟಲ್ಲ?"

ಸರಸ್ವತಿಯವರು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಹಾಳೆಯೊಂದರಲ್ಲಿ ಬರೆದರು. ತಾವು ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಈ ಮನೆ ತಲುಪಿದ್ದು, ವಾಲ್ಟರ್ ಒಂದು ನಲವತ್ತಕ್ಕೆ ಬಂದದ್ದು, ತಾವು ಬಿದ್ದದ್ದು. ಮಡಚಿ ಮೇಲೆ ನಿಖಿತಾಳ ಹೆಸರು ಬರೆದು ಕೈ ಚಾಚಿದರು. "ಇದನ್ನ ನನ್ನ ಮಗಳಿಗೆ ತಲುಪಿಸಬೇಕು."

ವಾಲ್ಟರ್‌ಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ದಕ್ಷಿಣ ಧ್ರುವದಲ್ಲಿ ಅಮುಂಡ್ಸನ್ ಬಿಟ್ಟುಬಂದ ಗುಡಾರದಲ್ಲಿ ನಾರ್ವೆಯ ದೊರೆಗೆ ಬರೆದ ಒಂದು ಕಾಗದವಿತ್ತು. ಅದನ್ನು ದಯವಿಟ್ಟು ತಲುಪಿಸಿ ಎಂದು ಹಿಂದೆ ಬರುವ ಸ್ಕಾಟ್‌ಗೆ ಒಂದು ಚೀಟಿಯೂ ಇತ್ತು.

"ಇದು ಬೇಡ ಟೀಚರ್," ಎಂದರು ವಾಲ್ಟರ್. "ಇಷ್ಟು ಬೇಡ."

"ನಿಮ್ಮ ಸ್ಕಾಟ್ ಇಟ್ಕೊಂಡ."

"ಇಟ್ಕೊಂಡ. ಅವ ಸತ್ತು ಎಂಟು ತಿಂಗಳಾದ ಮೇಲೆ ಹುಡುಕಿದವರಿಗೆ ಅವನ ಹತ್ರವೇ ಸಿಕ್ಕಿತು. ಬಿಸಾಡಬಹುದಿತ್ತು. ಬಿಸಾಡಲಿಲ್ಲ."

"ಅದೂ ಗೊತ್ತು. ಈ ಒಂದು ವಿಷಯಕ್ಕೆ ನಾನು ಅವನ ಪಕ್ಷವೇ. ಅದಕ್ಕೇ ನಿಮ್ಮ ಕೈಗೆ ಕೊಡ್ತಿರೋದು."

ವಾಲ್ಟರ್ ಕಾಗದವನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಮೂವರೂ ಅಜ್ಜಿಯ ಅಡಿಗೆಮನೆಯಲ್ಲಿ, ಪೆಟ್ಟಿಗೆಗಳ ನಡುವೆ ನಿಂತುಕೊಂಡೇ ಕಾಫಿ ಕುಡಿದರು. ಸರಸ್ವತಿಯವರಿಗೆ ಕೂರಲು ಆಗುತ್ತಿರಲಿಲ್ಲ. ನಾಲ್ಕಕ್ಕೆ ವಾಲ್ಟರೇ ಅವರನ್ನು ವಿಮಾನನಿಲ್ದಾಣಕ್ಕೆ ಬಿಟ್ಟರು. ಆ ಹೊತ್ತಿಗೆ ವೀಲ್‌ಚೇರ್ ನಿಜವಾಗಿಯೂ ಬೇಕಿತ್ತು.

ಬ್ರಿಸ್ಬೇನ್‌ನಲ್ಲಿ ಉತ್ತಮ ತನ್ನ ಮಗಳು ಇಂಚರಾಳನ್ನು ಕರೆದುಕೊಂಡು ಬಂದಿದ್ದ. ಮುಖ ಗಂಟಿಕ್ಕಿಕೊಂಡು ಫೋನನ್ನು ತಾಯಿಯ ಮುಂದೆ ಹಿಡಿದ. ಹಿರಿಯರ ಕೂಟದ ವಾಟ್ಸ್‌ಆಪ್‌ನಲ್ಲಿ ವಾಲ್ಟರ್ ಹಾಕಿದ ಫೋಟೋ: ಮರಳು, ಸೀರೆ, ಆಕಾಶಕ್ಕೆ ನೆಟ್ಟ ಎರಡು ಸ್ಕೀ. ಕೆಳಗೆ, "ನಮ್ಮ ಮುಂಗಡ ದಳ ಕ್ಷೇಮವಾಗಿ ತಲುಪಿದೆ." ಕೂಟದ ಯಾರೋ ಅದನ್ನು ನಿಖಿತಾಳಿಗೆ ಕಳಿಸಿದ್ದರು, ನಿಖಿತಾ ಇವನಿಗೆ. ಕಾಗದ ಇನ್ನೂ ವಾಲ್ಟರ್ ಜೇಬಿನಲ್ಲೇ ಇತ್ತು. ಅದರ ಸುದ್ದಿ ಮಾತ್ರ ಸಮುದ್ರದಿಂದ ಸಮುದ್ರಕ್ಕೆ ಹರಡಿಯಾಗಿತ್ತು.

"ಅಜ್ಜಿ, ಡಿಡ್ ಇಟ್ ಹರ್ಟ್?" ಎಂದು ಇಂಚರಾ ಕೇಳಿದಳು.

"ಎರಡನೇದು ನೋವಾಯ್ತು ಪುಟ್ಟಿ. ಮೊದಲನೇದು ಲೆಕ್ಕಕ್ಕಿಲ್ಲ."

"ಅಮ್ಮ, ಏನು ಹುಡುಗಾಟ ಇದು," ಎಂದ ಉತ್ತಮ. "ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಬಿಡ್ತಿದ್ಯಾ?"

ಉತ್ತಮ ತಾಯಿಯ ಬ್ಯಾಗನ್ನು ಎತ್ತಿಕೊಂಡ. ಕಾರಿನವರೆಗೂ ಯೋಚಿಸಿದ. ಅವನಲ್ಲಿ ಅಪ್ಪನ ಗುಣ ಒಂದಿತ್ತು, ಕೇಳಿದ್ದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಇಲ್ಲ," ಎಂದ ಕೊನೆಗೆ, ಕಾರಿನ ಬಾಗಿಲು ತೆರೆಯುತ್ತಾ.

"ಸರಿ. ಮೆಲ್ಲಗೆ ಓಡಿಸು. ಹಂಪ್ ಬಂದ್ರೆ ಮೊದಲೇ ಹೇಳು," ಎಂದು ಸರಸ್ವತಿಯವರು ಎಡಕ್ಕೆ ವಾಲಿಕೊಂಡು ಕೂತರು.