ಗಣಿಕೆ ಗಿಡ ಕಿತ್ತ ಭಾನುವಾರ

ಹಿತ್ತಲ ಬಾಗಿಲು ತೆಗೆದ ಸುಮೇಧಾ ಕೈಯಲ್ಲಿದ್ದ ಅಕ್ಕಿ ತೊಳೆದ ನೀರಿನ ಬಕೆಟ್ ಕೆಳಗಿಡುವುದನ್ನೂ ಮರೆತು ನಿಂತಳು. ಬೆಳಿಗ್ಗೆ ಟ್ರಿಪ್ಲಿಕೇನ್‌ನ ತವರುಮನೆಗೆ ಹೊರಟಾಗ ಹೂಬಿಟ್ಟು ನಿಂತಿದ್ದ ಬೆಂಡೆ ಗಿಡಗಳು ಈಗ ಬೇರು ಮೇಲಾಗಿ ಬಿದ್ದಿದ್ದವು. ಬದನೆ, ಬಸಳೆ ಯಾವುದೂ ಉಳಿದಿರಲಿಲ್ಲ. ಗಣಿಕೆ ಗಿಡಗಳನ್ನು ಯಾರೋ ಮೂಲೆಗೆ ಗುಡ್ಡೆ ಹಾಕಿದ್ದರು. ಕಪ್ಪಗೆ ಮಾಗಿದ ಹಣ್ಣುಗಳು ಕಾಲ್ತುಳಿತಕ್ಕೆ ಸಿಕ್ಕಿ ನೆಲದ ಮೇಲೆಲ್ಲ ನೇರಳೆ ಕಲೆ.

"ಹಿತ್ತಲಿಗೆ ದನ ನುಗ್ಗಿತ್ತಾ?" ಎಂದು ಅಲ್ಲಿಂದಲೇ ಕೂಗಿದಳು.

ಗಂಡ ಉಪೇಂದ್ರ ಪೇಪರಿನಿಂದ ತಲೆಯೆತ್ತಲಿಲ್ಲ. "ದನ ಅಲ್ಲ ಸುಮಾ. ನಾನೇ ಕಿತ್ತೆ."

ವೆಸ್ಟ್ ಮಾಂಬಲಂನ ಆ ಕಟ್ಟಡದಲ್ಲಿ ಅವರದು ನೆಲಮಹಡಿಯ ಮನೆ. ಬಂದ ಹೊಸತರಲ್ಲಿ ಹಿಂದಿನ ಜಾಗದ ತುಂಬ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟಿನ ಹೆಂಟೆ. ಅದನ್ನೆಲ್ಲ ಹೆಕ್ಕಿ, ಸಗಣಿ ಗೊಬ್ಬರ ಹೊತ್ತು ತಂದು ಮಣ್ಣನ್ನು ಮಣ್ಣಾಗಿಸಿದವಳು ಅವಳು. ಈ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಇಡೀ ಕಟ್ಟಡ ಟ್ಯಾಂಕರ್ ಲಾರಿಯ ನೀರಿಗೆ ಬಾಯಿಬಿಡುತ್ತಿದ್ದಾಗಲೂ ಹಿತ್ತಲು ಹಸಿರಾಗಿಯೇ ಇತ್ತು. ಅಕ್ಕಿ, ತರಕಾರಿ ತೊಳೆದ ನೀರಿನ ಒಂದು ಹನಿಯನ್ನೂ ಅವಳು ಮೋರಿಗೆ ಬಿಟ್ಟವಳಲ್ಲ.

"ಯಾಕೆ ಕಿತ್ರಿ?"

"ಬೆಳಿಗ್ಗೆ ಕಟ್ಟಡದ ಸಂಘದ ಮೀಟಿಂಗ್ ಇತ್ತಲ್ಲ. ಸಂಪಿನ ನೀರು ಬೇಗ ಖಾಲಿ ಆಗ್ತಿದೆ, ನಿಮ್ಮ ತೋಟಕ್ಕೇ ಹೋಗ್ತಿದೆ ಅಂದ್ರು. ಎಲ್ಲರ ಮುಂದೆ ವಾದ ಯಾಕೆ ಅಂತ ತೆಗೆದುಬಿಡ್ತೀನಿ ಅಂದೆ. ಪೋಗಟ್ಟುಂ, ಹೋಗ್ಲಿ ಬಿಡು. ಮಾರ್ಕೆಟ್‌ನಲ್ಲಿ ಸಿಗದೇ ಇರೋ ಬೆಂಡೆಕಾಯಾ?"

"ನಾನು ಏನು ನೀರು ಹಾಕ್ತೀನಿ ಅಂತ ನಿಮಗೆ ಗೊತ್ತಿತ್ತಲ್ಲ?"

ಉಪೇಂದ್ರ ಪೇಪರಿನ ಪುಟ ಮಗುಚಿದ.

ಸುಮೇಧಾ ಬಕೆಟ್ ಎತ್ತಿಕೊಂಡು ನೇರ ಮೊದಲ ಮಹಡಿಗೆ ಹತ್ತಿದಳು. ಸಂಘದ ಸೆಕ್ರೆಟರಿ ಕೃಷ್ಣಮೂರ್ತಿ ಮೈಸೂರಿನಿಂದ ವರ್ಗವಾಗಿ ಬಂದವರು. ಬಾಗಿಲು ತೆಗೆದದ್ದು ಅವರ ಹೆಂಡತಿ ಜಯಲಕ್ಷ್ಮೀ. ಬಾಯಿಹುಣ್ಣೆಂದು ಹೋದ ವಾರವಷ್ಟೇ ಮಡಿಲು ತುಂಬ ಗಣಿಕೆ ಸೊಪ್ಪು ಬಿಡಿಸಿಕೊಂಡು ಹೋಗಿದ್ದವರು, ಈಗ ಬಕೆಟ್ ನೋಡಿ "ರೀ, ಬನ್ನಿ ಇಲ್ಲಿ" ಎಂದಷ್ಟೇ ಹೇಳಿ ಒಳಗೆ ಸರಿದರು.

"ಸಾರ್, ನಾನು ಗಿಡಕ್ಕೆ ಹಾಕೋ ನೀರು ಇದು. ಕೈ ಹಾಕಿ ನೋಡಿ, ಅಕ್ಕಿ ಹಿಟ್ಟು ಅಂಟತ್ತೆ. ಇದು ಸಂಪಿನಲ್ಲಿ ಸಿಗತ್ತಾ?"

ಕೃಷ್ಣಮೂರ್ತಿ ಬಗ್ಗಿ ನೋಡಿದರು, ಕೈ ಹಾಕಲಿಲ್ಲ. "ನಾನು ಸುಮ್‌ಸುಮ್ನೆ ಹೇಳ್ಲಿಲ್ಲಮ್ಮ. ಸಂಪಿಂದ ತಗೋತಿದೀರಾ ಅಂತ ನೇರವಾಗೇ ಕೇಳ್ದೆ. ನಿಮ್ ಯಜಮಾನ್ರೇ ಹೌದು ಅಂದ್ರು. ಇನ್ಮೇಲೆ ಹೀಗಾಗಲ್ಲ, ನನ್ ಹೆಂಡ್ತಿಗೆ ಹೇಳ್ತೀನಿ ಅಂದ್ರು."

ಇಡೀ ಬೇಸಿಗೆ ಬೆಂಡೆಕಾಯಿ ಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ ಮನುಷ್ಯ, ಅವಳಿಲ್ಲದ ಹೊತ್ತು ನೋಡಿ ಅವಳನ್ನು ಕಳ್ಳಿ ಎಂದು ಒಪ್ಪಿಕೊಂಡು ಬಂದಿದ್ದ.

ಕೆಳಗೆ ಬಂದಾಗ ಉಪೇಂದ್ರ ಟಿವಿ ಹಾಕಿಕೊಂಡಿದ್ದ. ಅವಳು ಅದನ್ನು ಆರಿಸಿದಳು.

"ಹೌದು ಅಂದ್ರಂತೆ."

"ಒಂದು ಮಾತು ಅಂದ್ರೆ ಮುಗಿದು ಹೋಗತ್ತೆ ಅಂತ... ಇಲ್ಲ ಅಂದಿದ್ರೆ ಸಂಡೆ ಪೂರ್ತಿ ಅದೇ ಪೇಚು, ಅದೇ ಮಾತು."

"ಗಿಡ ಮತ್ತೆ ಹಾಕ್ತೀನಿ. ನೀವು ಎದ್ದು ಒಂದೊಂದು ಮನೆಗೂ ಹೋಗಿ ಸುಳ್ಳು ಹೇಳಿದೆ ಅಂತ ಹೇಳಿ ಬನ್ನಿ."

"ನಾಳೆ ಆಫೀಸಿಂದ ಬಂದು..."

"ಈಗ."

ಅವಳು ದನಿ ಏರಿಸಿರಲಿಲ್ಲ. ಉಪೇಂದ್ರ ಅಂಗಿ ಹಾಕಿಕೊಂಡು ಹೊರಟ. ಸುಮೇಧಾ ಹಿಂದೆಯೇ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು.

ಕೃಷ್ಣಮೂರ್ತಿಯವರ ಬಾಗಿಲು ತೆರೆಯಿತು. ಉಪೇಂದ್ರನ ಗೊಣಗು ಬಿಟ್ಟರೆ ಏನೂ ತಿಳಿಯಲಿಲ್ಲ.

"ನನಗೆ ಕೇಳಿಸ್ತಿಲ್ಲ" ಎಂದಳು ಕೆಳಗಿನಿಂದ.

ಗೊಣಗು ನಿಂತಿತು. ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ಸಂಪಿನ ನೀರಲ್ಲ ಸಾರ್. ಅಡುಗೆಮನೆ ನೀರು. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು."

ಬಾಗಿಲು ಮುಚ್ಚಿತು. ಚಪ್ಪಲಿ ಸದ್ದು ನಿಧಾನವಾಗಿ ಇನ್ನೊಂದು ಮಹಡಿ ಹತ್ತಿತು. ಅಲ್ಲಿ ಕಾಲಿಂಗ್ ಬೆಲ್ ಸದ್ದಾಯಿತು. ಸುಮೇಧಾ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೂ ಕೆಲವು ಮೆಟ್ಟಿಲು ಮೇಲೆ ಬಂದು ನಿಂತಳು.